ಮುಂಗುಸಿಯ ಮಗ್ಗಿ ಪುಸ್ತಕ

ಓಡುವ ಬಸ್ಸಿನಲ್ಲಿ ಪೇಪರು ಓದುವವರನ್ನು ನೀವು ನೋಡಿರುತ್ತೀರಿ. ಆದರೆ ಬೆಟ್ಟದ ರಸ್ತೆಯಲ್ಲಿ, ಅದೂ ಕಟ್ಟಕಡೆಯ ಸೀಟಿನಲ್ಲಿ, ಅಕ್ಕಪಕ್ಕದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಕ್ಕುತ್ತಿರುವಾಗ, ಮೊದಲ ಪುಟದಿಂದ ನಿಧನ ವಾರ್ತೆಯವರೆಗೆ ನಿಶ್ಚಿಂತೆಯಾಗಿ ಓದಿ ಮಡಿಸಿಡುವವರು ಲಕ್ಷಕ್ಕೊಬ್ಬರು. ನಮ್ಮ ಮಗ್ಗಿ ಮೇಷ್ಟ್ರು ಆ ಒಬ್ಬರು. ಅವರ ಬದುಕಿನ ಭಾಗ್ಯವೂ ಸಂಕಟವೂ ಎರಡೂ ಬಂದದ್ದು ಆ ಗಟ್ಟಿ ಹೊಟ್ಟೆಯಿಂದಲೇ.

ಹೆಸರಿಗೆ ಮೇಷ್ಟ್ರು, ಅಷ್ಟೇ. ಒಂದು ದಿನವೂ ಪಾಠ ಹೇಳಿದವರಲ್ಲ. ಕಾರಿನ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಕೇಳಿದವರಿಗೆ ನಟ್ಟು, ಬೋಲ್ಟು, ರಬ್ಬರಿನ ಬಳೆ ಹುಡುಕಿ ಕೊಡುವ ಕೆಲಸ. ಅವರ ಅಕ್ಕನ ಗಂಡ ಅದೇ ಕಾರ್ಖಾನೆಯಲ್ಲಿ ಹೊಸ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡುವ ಡ್ರೈವರು. ಭಾವ ಗಾಡಿ ಹತ್ತಿದರೆ ಪಕ್ಕದಲ್ಲಿ ಕೂರಲು ಒಬ್ಬರೂ ಒಪ್ಪುತ್ತಿರಲಿಲ್ಲ. ಒಮ್ಮೆ ಅಕ್ಕನ ಮನೆಯಿಂದ ಬರುವಾಗ ಭಾಮೈದ ಪಕ್ಕದ ಸೀಟಿನಲ್ಲಿ ಕೂತು, ಐವತ್ತು ತಿರುವುಗಳ ಇಳಿಜಾರಿನಲ್ಲಿ, ಪೇಪರಿನ ಪದಬಂಧ ತುಂಬಿಸಿ ಮುಗಿಸಿದ. ಭಾವ ಗಾಡಿ ನಿಲ್ಲಿಸಿ, ಅವನ ಮುಖವನ್ನೇ ನೋಡಿ, "ಉಗ್ರಾಣದಲ್ಲಿ ನೀನ್ ಏನ್ ಮಾಡ್ತಾ ಇದೀಯೋ, ನಾಳೆಯಿಂದ ನನ್ನ ಜೊತೆ ಬಾ" ಎಂದರು.

ಆಗ ಮುಂಗುಸಿ ಹುಟ್ಟುತ್ತಿದ್ದ ಕಾಲ.

ಮುಂಗುಸಿ ಎಂದರೆ ಕಾರು. ಕಾಗದದಲ್ಲಿ ಅದಕ್ಕೊಂದು ನಂಬರಿತ್ತು, ಯಾರಿಗೂ ನೆನಪಿಲ್ಲ. ಆ ಕಾರ್ಖಾನೆ ಅಲ್ಲಿಯವರೆಗೆ ಮಾಡುತ್ತಿದ್ದದ್ದು ಎರಡೇ: ಸಂಸಾರಸ್ಥರಿಗೆ ಒಂದು ಸಾಧು ಕಾರು, ಕಾಡು ಕಾಯುವವರಿಗೆ ಕೆಸರಲ್ಲೂ ಹತ್ತುವ ಒಂದು ಪುಟ್ಟ ಟ್ರಕ್ಕು. ಟ್ರಕ್ಕಿನಲ್ಲಿ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತಿತ್ತು. ಒಂದು ಚಳಿಗಾಲ, ಜಾರುವ ರಸ್ತೆಯಲ್ಲಿ, ಪರೀಕ್ಷೆಗೆ ಹೋದ ಕಾರನ್ನು ಈ ಟ್ರಕ್ಕು ಹಿಂದೆ ಹಾಕಿ ಹೋಯಿತಂತೆ. ಮುದಿ ಎಮ್ಮೆ ಕುದುರೆಯನ್ನು ದಾಟಿ ಹೋದಂತೆ. ಅದನ್ನು ನೋಡಿದ ಎಂಜಿನಿಯರು ಊಟ ಬಿಟ್ಟು ಓಡಿ ಬಂದು, ಟ್ರಕ್ಕಿನ ಕೆಳಗಿನದನ್ನು ಬಿಚ್ಚಿ ಎರಡು ಬಾಗಿಲಿನ ಕಾರಿನ ಕೆಳಗೆ ಕಟ್ಟಿಸಿದ. ಸಾಲದ್ದಕ್ಕೆ, ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿ ಊದುವ ಟರ್ಬೊ ಒಂದನ್ನು ಮೂತಿಯಲ್ಲಿ ಕೂರಿಸಿದ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಬಾಲ ಬೀಸಿಕೊಂಡು, ಇಲ್ಲಿದ್ದದ್ದು ಅಲ್ಲಿ ಎಂದು ಹೋಗುವ ಅದನ್ನು ಕಂಡು ಕೆಲಸಗಾರರು ಇಟ್ಟ ಹೆಸರು ಮುಂಗುಸಿ.

ಬೆಟ್ಟಗುಡ್ಡದ ರಸ್ತೆಗಳಲ್ಲಿ ಕಾರು ಓಡಿಸುವ ಪೈಪೋಟಿಗೆ ರ್ಯಾಲಿ ಎನ್ನುತ್ತಾರೆ, ಅದಕ್ಕೆ ನಿಯಮ ಒಂದಿತ್ತು. ಪೈಪೋಟಿಗೆ ಇಳಿಯುವ ಕಾರನ್ನು ಕನಿಷ್ಠ ಇನ್ನೂರಾದರೂ ಮಾಡಿ ಜನರಿಗೆ ಮಾರಬೇಕು. ಮಾರಿದರು. ಅದರ ಗುಣ ಏನೆಂದರೆ, ಕಾಲು ಒತ್ತಿದರೆ ಒಂದು ಎರಡು ಎಣಿಸುವವರೆಗೆ ಕಿವುಡನ ಹಾಗೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ನುಗ್ಗುವುದು. ಕೊಂಡವರಲ್ಲೊಬ್ಬ ಹಲ್ಲಿನ ಡಾಕ್ಟರು "ಇದೇನು, ಹೋಗ್ತಾನೇ ಇಲ್ಲ" ಎಂದು ಇನ್ನಷ್ಟು ಒತ್ತಿ, ತಮ್ಮ ಗ್ಯಾರೇಜಿನ ಹಿಂಗೋಡೆ ಒಡೆದು ಪಕ್ಕದ ಮನೆಯ ಅಡುಗೆಮನೆಗೆ ಹೋಗಿ ನಿಂತರು. ಪುಣ್ಯಕ್ಕೆ ಆ ಹೊತ್ತಿಗೆ ಅಲ್ಲಿ ಅಡುಗೆ ಮುಗಿದಿತ್ತು.

ನಾಲ್ಕು ವರ್ಷ ಮುಂಗುಸಿ ಮೆರೆಯಿತು. ಹದಿನೇಳು ರ್ಯಾಲಿ ಗೆದ್ದಿತು. ಪೇಪರಿನಲ್ಲಿ ಬರುತ್ತಿದ್ದದ್ದು ಭಾವನ ಫೋಟೊ. ಆ ಫೋಟೊದ ಅಂಚಿನಲ್ಲಿ ಒಂದು ಮೊಣಕೈ ಕಂಡರೆ, ಅದು ಮೇಷ್ಟ್ರದ್ದು.

ಆ ಮೊಣಕೈಯ ಕೆಲಸ ಏನು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ರ್ಯಾಲಿಯಲ್ಲಿ ಡ್ರೈವರಿಗೆ ಮುಂದಿನ ತಿರುವು ಕಾಣುವ ಮೊದಲೇ ಗೊತ್ತಿರಬೇಕು. ಅದಕ್ಕಾಗಿ ಇಬ್ಬರೂ ವಾರದ ಮೊದಲೇ ಆ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ, ಪ್ರತಿ ತಿರುವಿಗೂ ಒಂದರಿಂದ ಆರರವರೆಗೆ ನಂಬರು ಹಾಕಿ ಬರೆದುಕೊಳ್ಳುತ್ತಾರೆ. ಒಂದು ಎಂದರೆ ನಿಮ್ಮ ಬೆನ್ನು ನಿಮಗೇ ಕಾಣುವಂಥ ತಿರುವು. ಆರು ಎಂದರೆ ಹೆಸರಿಗಷ್ಟೇ ತಿರುವು. ಪೈಪೋಟಿಯ ದಿನ ಪಕ್ಕದವನು ತಲೆ ಎತ್ತದೆ ಅದನ್ನು ಓದುತ್ತಾ ಹೋಗಬೇಕು: "ಎಡ ನಾಲ್ಕು, ನೂರು, ಬಲ ಮೂರು, ಕಲ್ಲು ಒಳಗೆ, ಐವತ್ತು, ಎಡ ಆರು." ನೂರು, ಐವತ್ತು ಎಂದರೆ ನಡುವಿನ ದೂರ, ಮೀಟರಿನಲ್ಲಿ. ಕಲ್ಲು ಒಳಗೆ ಎಂದರೆ ತಿರುವಿನ ಒಳಬದಿಗೆ ಕಲ್ಲಿದೆ ಎಂದು. ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಕೇಳಿಸುತ್ತಿದ್ದುದರಿಂದ ಪುಸ್ತಕಕ್ಕೆ ಮಗ್ಗಿ ಪುಸ್ತಕ ಎಂದೂ, ಇವರಿಗೆ ಮಗ್ಗಿ ಮೇಷ್ಟ್ರು ಎಂದೂ ಹೆಸರು ಬಿತ್ತು. ಭಾವ ಕಣ್ಣನ್ನಲ್ಲ, ಕಿವಿಯನ್ನು ನಂಬಿ ಗಾಡಿ ಓಡಿಸುತ್ತಿದ್ದರು. ಮೇಷ್ಟ್ರು ಆರು ದೇಶದ ಬೆಟ್ಟ ಸುತ್ತಿ ಬಂದರೂ ಒಂದು ಬೆಟ್ಟವನ್ನೂ ಸರಿಯಾಗಿ ನೋಡಿರಲಿಲ್ಲ. ಹೆಂಡತಿ "ಅಲ್ಲಿ ಏನೇನ್ ನೋಡಿದ್ರಿ" ಎಂದು ಕೇಳಿದರೆ "ನನ್ನ ಕೈಬರಹ" ಎನ್ನುತ್ತಿದ್ದರು.

ಬಿಡುವಿಲ್ಲದೆ ಓದಿ ಓದಿ ಬಾಯಿ ಒಣಗುತ್ತಿತ್ತು. ಅದಕ್ಕೆ ಕೆನ್ನೆಯೊಳಗೆ ಸದಾ ಒಂದು ಪೆಪ್ಪರ್‌ಮಿಂಟು. ಹಾಳೆ ತಿರುಗಿಸಲು ಬೆರಳನ್ನು ನಾಲಿಗೆಗೆ ಒತ್ತುವುದು ಉಗ್ರಾಣದಿಂದಲೇ ಬಂದ ಚಾಳಿ. ಈ ಎರಡು ಚಾಳಿಗಳನ್ನು ನೆನಪಿಟ್ಟುಕೊಳ್ಳಿ. ಬಿಡಿಯಾಗಿ ಎರಡೂ ನಿರಪಾಯ.

ಇನ್ನೊಬ್ಬನನ್ನು ಪರಿಚಯ ಮಾಡಿಸಬೇಕು. ಮುಂಗುಸಿಯ ಬ್ರೇಕು ನೋಡಿಕೊಳ್ಳುತ್ತಿದ್ದವನು ಗೆರೆಯಣ್ಣ. ಬ್ರೇಕಿನ ಪ್ರತಿ ನಟ್ಟನ್ನೂ ಬಿಗಿ ಮಾಡಿದ ಮೇಲೆ, ನಟ್ಟಿನಿಂದ ಅದರ ಬುಡದವರೆಗೆ ಬಿಳಿ ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತಿದ್ದ. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ತುಂಡಾಗಿ ಕಾಣುತ್ತದೆ. ಎಲ್ಲರೂ ಒಂದು ಗೆರೆ ಎಳೆದರೆ ಇವನು ಒರೆಸಿ ಎರಡನೇ ಸಲ ಎಳೆಯುವವನು. "ನಿನ್ನ ಮದುವೆಯಲ್ಲಿ ಹುಡುಗಿಗೂ ಗೆರೆ ಎಳೆದಿದ್ಯಂತೆ" ಎಂದು ಭಾವ ಚುಡಾಯಿಸುತ್ತಿದ್ದರು. ಅವನು ನಗುತ್ತಿರಲಿಲ್ಲ. "ನೀವು ಓಡ್ಸಿ, ನಿಲ್ಸೋದು ನಾನು" ಎನ್ನುತ್ತಿದ್ದ.

ಐದನೇ ವರ್ಷದ ಮೂರನೇ ರ್ಯಾಲಿ. ಮಧ್ಯಾಹ್ನದ ಬಿಸಿಲಿಗೆ, ಹೊರಡುವ ಗೆರೆಯ ಬಳಿ, ಅರ್ಧ ಗಂಟೆ ಕಾಯಿಸಿದರು. ಮೇಷ್ಟ್ರು ಪೆಪ್ಪರ್‌ಮಿಂಟು ಚೀಪುತ್ತಾ, ಬೆರಳು ಒದ್ದೆ ಮಾಡಿಕೊಂಡು, ಪುಸ್ತಕದ ಹಾಳೆಗಳನ್ನು ಒಮ್ಮೆ ತಿರುವಿ ನೋಡಿದರು. ಸಕ್ಕರೆಯ ಎಂಜಲು ಬಿಸಿಲಿಗೆ ಒಣಗಿ ಎರಡು ಹಾಳೆಯ ಅಂಚು ಒಂದಕ್ಕೊಂದು ಅಂಟಿತು. ಬಾವುಟ ಬಿತ್ತು. ಒಂಬತ್ತನೇ ಮೈಲಿಯಲ್ಲಿ "ಬಲ ಐದು, ಇನ್ನೂರು" ಎಂದು ಓದಿ ಹಾಳೆ ತಿರುಗಿಸಿದರು. ತಿರುಗಿದ್ದು ಎರಡು ಹಾಳೆ. "ಎಡ ಆರು" ಎಂದು ಓದಿದರು.

ಆರು ಎಂದಮೇಲೆ ಭಾವ ಕಾಲು ಎತ್ತಲಿಲ್ಲ. ಅಲ್ಲಿದ್ದದ್ದು ಎಡ ಎರಡು. ಕಂಡಾಗ ಬ್ರೇಕು ಒತ್ತಿದರು, ನಾಲ್ಕೂ ಚಕ್ರ ಕಚ್ಚಿ ನಿಂತವು, ಆದರೆ ರಸ್ತೆ ಮುಗಿದಿತ್ತು. ಮೋರಿಯ ಗೋಡೆ ಒಡೆದು ಮುಂಗುಸಿ ಮೂರು ಪಲ್ಟಿ ಹೊಡೆಯಿತು. ಮೇಷ್ಟ್ರಿಗೆ ಹಣೆಯ ಮೇಲೆ ನಾಲ್ಕು ಹೊಲಿಗೆ. ಭಾವನ ಎಡಗಾಲು ಎರಡು ಕಡೆ ಮುರಿಯಿತು. ಮುಂದೆ ಅವರು ರ್ಯಾಲಿ ಓಡಿಸಲೇ ಇಲ್ಲ.

ಆಸ್ಪತ್ರೆಗೆ ಬಂದ ಪೇಪರಿನವರು ಏನಾಯಿತು ಎಂದು ಕೇಳಿದಾಗ ಭಾವ "ಬ್ರೇಕ್ ಹಿಡೀಲಿಲ್ಲ" ಎಂದುಬಿಟ್ಟರು. ಪಕ್ಕದ ವಾರ್ಡಿನಲ್ಲಿದ್ದ ಮೇಷ್ಟ್ರಿಗೆ ಅದು ತಿಳಿದದ್ದು ಮರುದಿನ, ಪೇಪರು ಓದಿ. ಹಣೆಗೆ ಕಟ್ಟಿದ ಪಟ್ಟಿಯಲ್ಲೇ ಭಾವನ ಮಂಚದ ಬಳಿ ಬಂದರು. ಭಾವ ಸಣ್ಣ ದನಿಯಲ್ಲಿ ಹೇಳಿದರು: "ಬಾಯ್ ಮುಚ್ಕೊಂಡಿರು. ನಿನ್ನ ಕೈ ತಪ್ಪಿತು ಅಂದ್ರೆ ಕೆಲಸ ಹೋಗತ್ತೆ. ಎರಡು ಮಕ್ಕಳಿದಾವೆ ನಿನಗೆ. ಬ್ರೇಕಿಗೇನು, ಬಾಯಿಲ್ಲ."

ಬ್ರೇಕಿಗೆ ಬಾಯಿಲ್ಲ, ನಿಜ. ಬ್ರೇಕಿಗೆ ಗೆರೆಯಣ್ಣ ಇದ್ದ. ಅದು ಇಬ್ಬರಿಗೂ ಹೊಳೆಯಲಿಲ್ಲವೋ, ಹೊಳೆದೂ ನುಂಗಿಕೊಂಡರೋ, ನನ್ನನ್ನು ಕೇಳಿದರೆ ಎರಡನೆಯದೇ ನಿಜ.

ಆ ವರ್ಷದ ಕೊನೆಗೆ ಅಂಥ ಕಾರುಗಳನ್ನೇ ನಿಲ್ಲಿಸಿದರು. ವೇಗ ಮನುಷ್ಯರ ಕೈ ಮೀರಿದೆ, ರಸ್ತೆ ಬದಿಯ ಜನರಿಗೆ ಅಪಾಯ ಎಂದು ನಿಯಮ ಬಂತು. ಜಜ್ಜಿಹೋದ ಮುಂಗುಸಿ ಹಿತ್ತಲ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ಮಲಗಿತು. ಗೆರೆಯಣ್ಣ "ಒಂದ್ಸಲ ಬ್ರೇಕು ಬಿಚ್ಚಿ ನೋಡ್ತೀನಿ" ಎಂದು ಮೂರು ಸಲ ಅರ್ಜಿ ಕೊಟ್ಟ. ಇನ್ನು ನೋಡುವುದೇನಿದೆ ಎಂದು ಶೆಡ್ಡಿನ ಕೀಲಿ ಕೊಡಲಿಲ್ಲ. ಅವನನ್ನು ಕೆಲಸದಿಂದ ತೆಗೆಯಲೂ ಇಲ್ಲ, ಬೈಯಲೂ ಇಲ್ಲ. ಗಾಜು ಒರೆಸುವ ವೈಪರ್ ಜೋಡಿಸುವ ಸಾಲಿಗೆ ಹಾಕಿದರು. ಇಪ್ಪತ್ತೆರಡು ವರ್ಷ ಅವನು ವೈಪರ್ ಜೋಡಿಸಿದ. ವೈಪರಿನ ನಟ್ಟಿಗೂ ಬಿಳಿ ಗೆರೆ ಎಳೆಯುತ್ತಿದ್ದ. ಜೊತೆಯವರು ಬೆನ್ನ ಹಿಂದೆ ನಗುತ್ತಿದ್ದರು.

ಆಮೇಲಾಮೇಲೆ ಅವನೊಂದು ಪುಟ್ಟ ಕಾರು ಕೊಂಡ. ಒಬ್ಬನೇ ಓಡಿಸುತ್ತಿದ್ದ. ಬೇರೆ ಒಂದು ಜೀವವನ್ನೂ ಅದರಲ್ಲಿ ಕೂರಿಸುತ್ತಿರಲಿಲ್ಲ. ಮದುವೆಗೋ ಮುಂಜಿಗೋ ಹೋಗಬೇಕಾದರೆ ಹೆಂಡತಿ ಮಕ್ಕಳು ಬಸ್ಸಿನಲ್ಲಿ ಮುಂದೆ, ಇವನು ಖಾಲಿ ಕಾರಿನಲ್ಲಿ ಹಿಂದೆ. ಬೀದಿಯ ಜನಕ್ಕೆ ಅದೊಂದು ತಮಾಷೆ. ಮೇಷ್ಟ್ರು ಆ ದೃಶ್ಯವನ್ನು ಬಸ್ ಸ್ಟಾಪಿನಲ್ಲಿ ನಿಂತು ಎಷ್ಟೋ ಸಲ ನೋಡಿದ್ದರು. ನೋಡಿದ ದಿನ ಊಟ ಇಳಿಯುತ್ತಿರಲಿಲ್ಲ. ಹೇಳಿಬಿಡಬೇಕು ಎಂದುಕೊಳ್ಳುವರು. ಭಾವ ಕುಂಟಿಕೊಂಡು ಎದುರು ಬಂದರೆ ನಾಲಿಗೆ ಒಳಗೆ ಹೋಗುತ್ತಿತ್ತು. ಹೀಗೆ ಮೂವತ್ತೊಂದು ವರ್ಷ. ಇದಕ್ಕೆ ನಾನು ಅವರನ್ನು ಒಳ್ಳೆಯವರು ಎನ್ನಲಾರೆ. ಆದರೆ ಆ ಮಗ್ಗಿ ಪುಸ್ತಕವನ್ನು ಅವರು ಸುಡಲಿಲ್ಲ, ಅಂಟಿದ ಹಾಳೆ ಬಿಡಿಸಲೂ ಇಲ್ಲ. ಹಳೇ ಪೆಟ್ಟಿಗೆಯಲ್ಲಿ ಹಾಗೆಯೇ ಇಟ್ಟಿದ್ದರು.

ಭಾವ ತೀರಿಕೊಂಡ ಎಂಟು ತಿಂಗಳಿಗೆ, ಮುಚ್ಚಿದ ಕಾರ್ಖಾನೆಯ ಹಳೇ ಶೆಡ್ಡನ್ನು ಮ್ಯೂಸಿಯಂ ಮಾಡುತ್ತಾರೆ ಎಂದು ಸುದ್ದಿ ಬಂತು. ಮುಂಗುಸಿಯನ್ನು ಮತ್ತೆ ನಿಲ್ಲಿಸಿ ಅದರ ಕಥೆಯನ್ನು ಪಕ್ಕದಲ್ಲೊಂದು ಬೋರ್ಡಿನಲ್ಲಿ ಬರೆಸಬೇಕು, ಹಳಬರು ಬಂದು ಕೈ ಹಾಕಬೇಕು ಎಂದು ಮ್ಯೂಸಿಯಂ ನೋಡಿಕೊಳ್ಳುವ ಹೆಂಗಸು ಮನೆಮನೆಗೆ ಫೋನು ಮಾಡಿದಳು. ಮೊದಲ ದಿನ, ಬಾಗಿಲು ತೆರೆಯುವ ಮುಂಚೆಯೇ, ಗೆರೆಯಣ್ಣ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಸ್ಪ್ಯಾನರಿನ ಚೀಲ. ಅರವತ್ತೆಂಟರ ಮುದುಕ. "ಬ್ರೇಕು ನಾನು ಬಿಚ್ತೀನಿ, ಬೇರೆ ಯಾರೂ ಮುಟ್ಟಬಾರ್ದು" ಎಂದ. ಮೇಷ್ಟ್ರು ಹಳೇ ಫೋಟೊಗಳಿಗೆ ತಾರೀಖು ಬರೆಯಲು ಹೋಗುತ್ತಿದ್ದರು. ಒಂಬತ್ತು ದಿನ, ಗಾಜಿನ ಆಚೆಯಿಂದ, ಆ ಬಗ್ಗಿದ ಬೆನ್ನನ್ನು ನೋಡಿದರು.

ಒಂಬತ್ತನೇ ದಿನ ಸಂಜೆ ತಡೆಯಲಾರದೆ ಅಕ್ಕನ ಮನೆಗೆ ಹೋದರು. ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಹೇಳಿದರು, ಪೆಪ್ಪರ್‌ಮಿಂಟನ್ನೂ ಬಿಡದೆ. ಅಕ್ಕ ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಅವರು ಸುಳ್ಳು ಹೇಳಿದ್ದು ಯಾರಿಗೋಸ್ಕರ?"

"ನನಗೋಸ್ಕರ, ಅಕ್ಕ."

"ಕಾಲು ಹೋಗಿದ್ದು ಯಾರದ್ದು?"

"ಭಾವಂದು."

"ಒಂದಿನ ನಿನ್ನ ದೂರಿದ್ರಾ? ಈಗ ಅವರು ಬಾಯಿ ಬಿಡೋಕಾಗ್ದೆ ಇರೋ ಹೊತ್ತಲ್ಲಿ, ಊರೆಲ್ಲ ಓದೋ ಬೋರ್ಡಲ್ಲಿ ಅವರನ್ನ ಸುಳ್ಳುಗಾರ ಅಂತ ಬರೆಸ್ತೀಯಾ? ಬರೆಸು. ಆದ್ರೆ ಆಮೇಲೆ ಈ ಹೊಸಿಲು ತುಳೀಬೇಡ."

ಮೇಷ್ಟ್ರು ಎದ್ದು ಬಂದರು. ಅಕ್ಕ ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರು, ಒಂದೂ ಸಿಗಲಿಲ್ಲ.

ಮರುದಿನ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋದರು. ಕೊಡುತ್ತೇನೆಂದೂ ಅಲ್ಲ, ಕೊಡುವುದಿಲ್ಲವೆಂದೂ ಅಲ್ಲ. ಶೆಡ್ಡಿನ ಉದ್ದದ ಮೇಜಿನ ಮೇಲೆ ಗೆರೆಯಣ್ಣ ಬಿಳಿ ಬಟ್ಟೆ ಹಾಸಿ, ಮುಂಗುಸಿಯ ಬ್ರೇಕಿನ ಒಂದೊಂದೇ ತುಂಡನ್ನು ತೊಳೆದು ಸಾಲಾಗಿ ಇಟ್ಟಿದ್ದ. ಮ್ಯೂಸಿಯಮ್ಮಿನ ಹೆಂಗಸು ಒಂದು ಹಾಳೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಬನ್ನಿ ಮೇಷ್ಟ್ರೇ, ಒಳ್ಳೇ ಹೊತ್ತಿಗೆ ಬಂದ್ರಿ" ಎಂದ ಗೆರೆಯಣ್ಣ. "ಮುಗೀತು ನಂದು. ನೋಡಿ, ನಲವತ್ತೆರಡು ನಟ್ಟು. ಗೆರೆ ಒಂದೂ ಮುರಿದಿಲ್ಲ. ಸೀಲು, ಪಿಸ್ಟನ್ನು, ಪ್ಯಾಡು ಎಲ್ಲ ಸರಿಯಾಗಿದೆ. ಪೈಪು ಹರಿದಿರೋದು ಕಲ್ಲು ಬಡಿದು. ಅದು ಬಿದ್ದ ಮೇಲೆ ಆಗಿದ್ದು."

ಮೇಷ್ಟ್ರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸತ್ಯ ತಾನಾಗಿಯೇ ಹೊರಬಂತು, ತಾನು ಬಾಯಿ ಬಿಡಬೇಕಿಲ್ಲ, ಅಕ್ಕನ ಹೊಸಿಲೂ ಉಳಿಯಿತು. "ಹಾಗಾದ್ರೆ ನಿಂದೇನೂ ತಪ್ಪಿಲ್ಲ ಅಂತಾಯ್ತಲ್ಲ ಗೆರೆಯಣ್ಣ" ಎಂದರು.

"ತಪ್ಪಿಲ್ದೆ ಏನು? ನಿಮ್ಮ ಭಾವ ಸುಳ್ಳು ಹೇಳೋ ಮನುಷ್ಯ ಅಲ್ಲ. ಬ್ರೇಕು ಹಿಡೀಲಿಲ್ಲ ಅಂದ್ರು ಅಂದ್ರೆ ಹಿಡೀಲಿಲ್ಲ." ಗೆರೆಯಣ್ಣ ಒಂದು ಖಾಲಿ ಡಬ್ಬಿಯನ್ನು ಮುಂದೆ ತಳ್ಳಿದ. "ಉಳಿದಿದ್ದು ಎಣ್ಣೆ ಒಂದೇ. ಅದು ಆರಿ ಹೋಗಿದೆ, ಇನ್ನು ನೋಡೋಕಾಗಲ್ಲ. ಅವತ್ತು ಬೆಳಿಗ್ಗೆ ಬ್ರೇಕ್ ಎಣ್ಣೇದು ಹೊಸ ಡಬ್ಬಿ ಒಡೆದ್ನೋ, ಹಿಂದಿನ ದಿನದ್ದೇ ಹಾಕಿದ್ನೋ, ಎಷ್ಟು ತಲೆ ಚಚ್ಕೊಂಡ್ರೂ ನೆನಪಾಗ್ತಿಲ್ಲ. ಹಳೇದೇ ಹಾಕಿರ್ಬೇಕು. ಎಣ್ಣೆ ಕಾದು ಕುದಿದಿರತ್ತೆ, ಕುದಿದ್ರೆ ಬ್ರೇಕು ಹಿಡಿಯಲ್ಲ. ಇವ್ರಿಗೆ ಹಾಗೇ ಬರ್ಕೊಳ್ಳಿ ಅಂದೆ. ನನ್ನ ಅಜಾಗರೂಕತೆ ಅಂತ. ಸಹಿ ಹಾಕ್ತೀನಿ." ಅವನು ಎಣ್ಣೆಗೈ ಒರೆಸಿಕೊಂಡು ಪೆನ್ನು ತೆಗೆದುಕೊಂಡ. "ಕಾರಣ ಗೊತ್ತಾಯ್ತಲ್ಲ, ಇನ್ನು ನಿದ್ದೆ ಬರತ್ತೆ."

ಮೇಷ್ಟ್ರು ಅವನ ಕೈ ಹಿಡಿದುಕೊಂಡರು. ಹಾಳೆಯ ಮೇಲೆ ಪೆನ್ನು ತಾಗುವುದಕ್ಕೆ ಇನ್ನು ಎರಡು ಬೆರಳು ಇತ್ತು.

"ಬ್ರೇಕು ಹಿಡೀತು" ಎಂದರು. "ನಾಲ್ಕೂ ಚಕ್ರ ಹಿಡೀತು. ನಾನು ಪಕ್ಕದಲ್ಲೇ ಇದ್ದೆ. ಭಾವ ಸುಳ್ಳು ಹೇಳಿದ್ರು, ನನ್ನ ಉಳಿಸೋಕೆ." ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಹಾಳೆ ಅಂಟಿದ್ದು, ತಾನು ಎರಡಕ್ಕೆ ಬದಲು ಆರು ಎಂದದ್ದು, ಆಸ್ಪತ್ರೆಯ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ, ತಲೆ ಎತ್ತದೆ, ಹಿಂದೆ ಮಗ್ಗಿ ಓದುತ್ತಿದ್ದ ಹಾಗೆ ಹೇಳಿ ಮುಗಿಸಿದರು.

ಗೆರೆಯಣ್ಣ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ. ಸಂದಿನ ಅಳತೆ ನೋಡುವ ತೆಳು ತಗಡೊಂದನ್ನು ಆರಿಸಿ, ಅಂಟಿದ ಹಾಳೆಗಳ ನಡುವೆ ತೂರಿಸಿ, ಒಂದು ಚೂರೂ ಹರಿಯದ ಹಾಗೆ ಬಿಡಿಸಿದ. ಕನ್ನಡಕ ಏರಿಸಿ ಓದಿದ: "ಎಡ ಎರಡು. ಎಚ್ಚರ. ಮೋರಿ ಗೋಡೆ." ಎಚ್ಚರ ಎಂಬುದರ ಕೆಳಗೆ ಮೇಷ್ಟ್ರು ಅಂದು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು. ಗೆರೆಯಣ್ಣ ಅವುಗಳ ಮೇಲೆ ಬೆರಳಾಡಿಸಿದ.

"ನೀನೂ ಎರಡು ಸಲ ಎಳೀತಿದ್ದೆ" ಎಂದ. ಅಷ್ಟು ವರ್ಷದಲ್ಲಿ ಮೊದಲ ಸಲ ಏಕವಚನ. ಮೇಷ್ಟ್ರಿಗೆ ಅದು ಅವಮಾನ ಅನ್ನಿಸಲಿಲ್ಲ.

"ತಪ್ಪಾಯ್ತು ಗೆರೆಯಣ್ಣ."

"ಮಗಳಿಗೆ ಹೆರಿಗೆ ನೋವು ಬಂದಾಗ ಬಾಡಿಗೆ ಕಾರಿಗೆ ಹೇಳಿ ಕಳ್ಸಿದ್ದೆ. ಅದು ಬರೋಕೆ ಮುಕ್ಕಾಲು ಗಂಟೆ ಆಯ್ತು. ನನ್ನ ಕಾರು ಬಾಗಿಲಲ್ಲೇ ನಿಂತಿತ್ತು. ಅವಳು ಅದನ್ನ ನೋಡಿದ್ಲು, ನನ್ನ ನೋಡಿದ್ಲು." ಅವನ ದನಿ ಏರಲಿಲ್ಲ. "ಹೆಂಡತಿ ಮಕ್ಕಳನ್ನ ಕೊಂದ್ಬಿಡ್ತೀನಿ ಅಂತ ಹೆದರ್ಕೊಂಡು ಬದುಕಿದೀನಿ ನಾನು. ತಪ್ಪಾಯ್ತು ಅಂತೆಲ್ಲ ಇವತ್ತು ಹೇಳ್ಬೇಡ. ಇನ್ಯಾವತ್ತಾದ್ರೂ ಬಾ, ಕೇಳಿಸ್ಕೊಳ್ಳೋಕಾದ್ರೆ ಕೇಳಿಸ್ಕೊಳ್ತೀನಿ."

ಮೇಷ್ಟ್ರು ಅಳುತ್ತಿದ್ದರು. ಅರವತ್ತು ದಾಟಿದ ಗಂಡಸು, ಕರವಸ್ತ್ರ ಸಿಗದೆ, ಬ್ರೇಕು ಒರೆಸುವ ಬಟ್ಟೆಯಿಂದಲೇ ಮುಖ ಒರೆಸಿಕೊಂಡು ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡರು. ಮ್ಯೂಸಿಯಮ್ಮಿನ ಹೆಂಗಸು ಮೆಲ್ಲಗೆ ಕೇಳಿದಳು: "ಬೋರ್ಡಿಗೆ ಏನ್ ಬರೀಲಿ ಸಾರ್?"

"ಪಕ್ಕದಲ್ಲಿ ಓದುತ್ತಿದ್ದವನು ಎರಡು ಹಾಳೆ ಒಟ್ಟಿಗೆ ತಿರುಗಿಸಿದ. ಬ್ರೇಕಿನಲ್ಲಿ ಯಾವ ದೋಷವೂ ಇರಲಿಲ್ಲ. ಹಾಗೆ ಬರೀರಿ. ಕೆಳಗೆ ನನ್ನ ಸಹಿ ಇರ್ಲಿ." ಅವಳು ಹಾಗೆ ಬರೆದುಕೊಟ್ಟ ಹೊಸ ಹಾಳೆಗೆ ಸಹಿ ಮಾಡುವಾಗ ಅವರಿಗೆ ಅಕ್ಕನ ಹೊಸಿಲು ಕಣ್ಣ ಮುಂದೆ ಬಂತು. ಆದರೂ ಮಾಡಿದರು.

ಗೆರೆಯಣ್ಣನ ಹೆಂಡತಿ ಅವನಿಗೆ ದಿನಾ ಊಟದ ಡಬ್ಬಿ ತರುತ್ತಿದ್ದದ್ದು ಒಂದು ಗಂಟೆಯ ಬಸ್ಸಿಗೆ. ಆ ದಿನವೂ ಬಂದಳು. ಗಂಡ ಡಬ್ಬಿಗೆ ಕೈ ಚಾಚಲಿಲ್ಲ. ಅಂಗಳದಲ್ಲಿ ನಿಂತಿದ್ದ ತನ್ನ ಪುಟ್ಟ ಕಾರಿನ ಬೀಗ ತೆಗೆದ.

"ಹತ್ತು. ಊಟ ಮನೇಲಿ ಮಾಡೋಣ."

ಆಕೆ ಮೊದಲು ಕಾರನ್ನೂ, ಆಮೇಲೆ ಗಂಡನನ್ನೂ, ಮಸಿ ಮುಖದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ಮೇಷ್ಟ್ರನ್ನೂ ನೋಡಿದಳು. "ಬಸ್ಸು ಇನ್ನೈದು ನಿಮಿಷಕ್ಕೆ ತಿರುಗತ್ತೆ, ನಾನು ಅದ್ರಲ್ಲೇ..." ಎಂದಳು.

"ಬಸ್ಸು ಬೇಡ."

ಆಕೆ ಕಾರಿನ ಬಳಿ ಬಂದಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಎರಡು ಬಾಗಿಲುಗಳ ನಡುವೆ ನಿಂತು, ಹೊಸಬರ ಮನೆಗೆ ಬಂದವಳ ಹಾಗೆ ಕೇಳಿದಳು: "ನಾನು ಎಲ್ಲಿ ಕೂತ್ಕೊಳ್ಲಿ? ಹಿಂದೇನಾ?"

"ಮುಂದೆ" ಎಂದ ಗೆರೆಯಣ್ಣ. "ನನ್ನ ಪಕ್ಕ."

ಕಾರು ಹೊರಟಿತು. ಗೇಟಿನ ಬಳಿ ಅವನು ಅಭ್ಯಾಸದಂತೆ ಮೂರು ಸಲ ಬ್ರೇಕು ಒತ್ತಿ ನೋಡಿದ. ಮೂರು ಸಲವೂ ಮುಂದಿನ ಸೀಟಿನಲ್ಲಿ ಎರಡು ನರೆತ ತಲೆಗಳು ಒಟ್ಟಿಗೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಂದವು. ಮೂರನೆಯದಕ್ಕೆ ಆಕೆ ಬಾಯಿಗೆ ಸೆರಗು ಹಿಡಿದು ನಗುವುದು ಮೇಷ್ಟ್ರಿಗೆ ಕಂಡಿತು. ಕಾರು ಎಡಕ್ಕೆ ತಿರುಗಿ ಹೋಯಿತು. ಒಂದು ಗಂಟೆಯ ಬಸ್ಸು ಹಿಂದಿರುಗುವ ಹೊತ್ತಾಗಿತ್ತು. ಅದರಲ್ಲಿ ಇವತ್ತು ಒಂದು ಸೀಟು ಖಾಲಿ ಇರುತ್ತದೆ ಎಂದುಕೊಂಡು ಮೇಷ್ಟ್ರು ಸ್ಟಾಪಿಗೆ ನಡೆದರು.